ಹನ್ನೆರಡು ವೋಲ್ಟಿನ ಕ್ಯಾಪ್ಟನ್ನರು

ಪ್ರತಿವರ್ಷ ನವೆಂಬರ್ ಕೊನೆಯ ಹೊತ್ತಿಗೆ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಲ್ಲಿ ಒಂದು ವಿಶಿಷ್ಟ ಜಾತಿಯ ಜನ ಸೇರುತ್ತಾರೆ. ಅರವತ್ತು ದಾಟಿದ ವಯಸ್ಸು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಸೊಂಟದಲ್ಲಿ ಮಡಚುವ ಚಾಕು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಮೂರು ದಶಕ ಕಚೇರಿಯಲ್ಲಿ ಕೂತೆದ್ದು, ನಿವೃತ್ತರಾಗಿ, ಮನೆ ಮಾರಿ, ನಲವತ್ತು ಅಡಿಯ ಹಾಯಿದೋಣಿ ಕೊಂಡವರು ಇವರು. “ಗಡಿಯಾರ, ಫೈಲು, ಮೀಟಿಂಗು ಎಲ್ಲಕ್ಕೂ ದೊಡ್ಡ ನಮಸ್ಕಾರ ಹಾಕಿ ಬಂದಿದ್ದೇನೆ. ಇನ್ನೇನಿದ್ದರೂ ಸ್ವಾತಂತ್ರ್ಯ” ಎನ್ನುತ್ತಾರೆ. ಅನ್ನುತ್ತಲೇ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಬಾಳೆಗೊನೆ ತರಲು ಹೋದ ಹುಡುಗ ಹತ್ತು ನಿಮಿಷ ತಡ ಮಾಡಿದ್ದಾನೆ.

ಇವರು ಹೊರಟಿರುವುದು ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪಕ್ಕೆ. ದೂರ ಸುಮಾರು 2,700 ನಾಟಿಕಲ್ ಮೈಲಿ. ಹತ್ತಿರ ಹತ್ತಿರ 5,000 ಕಿಲೋಮೀಟರ್. ಒಬ್ಬರೇ ಹೋಗಲು ಎದೆಗುಂದುವವರಿಗಾಗಿ ‘ಎ.ಆರ್.ಸಿ.’ ಎಂಬ ಸಾಮೂಹಿಕ ಯಾನವೊಂದು 1986ರಿಂದ ನಡೆದುಬಂದಿದೆ. ಚಂಡಮಾರುತಗಳ ಕಾಲ ಮುಗಿಯುವ ಹೊತ್ತು ನೋಡಿ ಹೊರಡುತ್ತಾರೆ. ಬೆಣ್ಣೆ ಕರಗುವವರೆಗೂ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು ಎಂಬುದು ಹಳೆಯ ನಾವಿಕರ ಮಾತು. ಅಲ್ಲಿಂದ ಮುಂದೆ ಈಶಾನ್ಯದ ವಾಣಿಜ್ಯ ಮಾರುತ ಬೆನ್ನು ತಳ್ಳುತ್ತಲೇ ಇರುತ್ತದೆ. ಕೊಲಂಬಸ್ 1492ರಲ್ಲಿ ಇದೇ ಕೆನರಿಯ ಲಾ ಗೊಮೆರಾ ಬಿಟ್ಟು ಮೂವತ್ತಾರನೆಯ ದಿನ ನೆಲ ಕಂಡ. ಇವರಿಗೆ ಹದಿನೆಂಟರಿಂದ ಇಪ್ಪತ್ತೊಂದು ದಿನ ಸಾಕು. ಕೊಲಂಬಸ್‌ಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಸಾಹೇಬರಿಗೆ ಅದನ್ನು ತಿಳಿಸಲು ಮೂರು ಜಿಪಿಎಸ್ ಇವೆ, ಮೂರನ್ನೂ ಅವರು ನಂಬುವುದಿಲ್ಲ.

ದಡ ಕಣ್ಮರೆಯಾದ ಕೂಡಲೇ ಸ್ವಾತಂತ್ರ್ಯ ಜಾರಿಗೆ ಬರುತ್ತದೆ. ಅದರ ಮೊದಲ ಕಲಮು ಗೋಡೆಗೆ ಅಂಟಿಸಿದ ಪಾಳಿಯ ಪಟ್ಟಿ. ಮೂರು ಗಂಟೆ ಕಾವಲು, ಆರು ಗಂಟೆ ವಿರಾಮ, ಮತ್ತೆ ಕಾವಲು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕೂ ದಿಕ್ಕು ನೋಡಬೇಕು. ವಾರಗಟ್ಟಲೆ ಒಂದು ಹಡಗೂ ಕಾಣದಿದ್ದರೂ ನೋಡಬೇಕು. ಗಂಟೆಗೊಮ್ಮೆ ದಾಖಲೆ ಪುಸ್ತಕದಲ್ಲಿ ಗಾಳಿ, ವೇಗ, ದಿಕ್ಕು, ಒತ್ತಡ ಬರೆದು ಸಹಿ ಹಾಕಬೇಕು. ಸೊಂಟದ ಪಟ್ಟಿಯನ್ನು ದೋಣಿಗೆ ಸಿಕ್ಕಿಸದೆ ರಾತ್ರಿ ಮೇಲೆ ಬರಕೂಡದು. ಶೌಚಾಲಯದಲ್ಲಿ ಗಂಡಸರೂ ಕೂತೇ ಮುಗಿಸಬೇಕು, ಆಮೇಲೆ ಇಪ್ಪತ್ತು ಸಲ ಪಂಪು ಹೊಡೆಯಬೇಕು. ಸಾಹೇಬರು ಹೊರಗೆ ನಿಂತು ಎಣಿಸುತ್ತಿರುತ್ತಾರೆ. ದೋಣಿಯ ಗಡಿಯಾರ ಓಡುವುದು ಗ್ರೀನಿಚ್ ಕಾಲದಲ್ಲಿ. ಪಶ್ಚಿಮಕ್ಕೆ ಸಾಗಿದಂತೆಲ್ಲ ಬೆಳಗಾಗುವುದು ತಡವಾಗಿ, ಸೇಂಟ್ ಲೂಸಿಯಾ ಮುಟ್ಟುವಾಗ ನಾಲ್ಕು ಗಂಟೆಯ ವ್ಯತ್ಯಾಸ ಬಿದ್ದಿರುತ್ತದೆ. ಸಾಹೇಬರ ಪ್ರಕಾರ ತಪ್ಪು ಸೂರ್ಯನದು.

ಇನ್ನು ಬ್ಯಾಟರಿ. ಬೆಳಿಗ್ಗೆ ಎದುರಾದವರಿಗೆ ಇವರು ನಮಸ್ಕಾರ ಹೇಳುವುದಿಲ್ಲ, “ಎಷ್ಟಿದೆ?” ಎಂದು ಕೇಳುತ್ತಾರೆ. 12.7 ವೋಲ್ಟ್ ಅಂದರೆ ಮುಖದಲ್ಲಿ ಮಂದಹಾಸ. 12.4 ಅಂದರೆ ಹುಬ್ಬು ಗಂಟು. 12.2ಕ್ಕೆ ಇಳಿದರೆ ಬ್ಯಾಟರಿ ಅರ್ಧ ಖಾಲಿ. ಅಂದು ಫ್ರಿಜ್ಜಿಗೆ ಏಕಾದಶಿ, ಉಳಿದವರಿಗೆ ಕತ್ತಲಲ್ಲಿ ಊಟ. ಒಬ್ಬ ಸದಸ್ಯನ ಮೇಲೆ ಮಾತ್ರ ಅವರಿಗೆ ಅಪಾರ ಪ್ರೀತಿ. ಅದು ದೋಣಿಯ ಹಿಂಬದಿಯಲ್ಲಿ ಕೂತು, ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಯಂತ್ರ. ಅದಕ್ಕೊಂದು ಹೆಸರಿಟ್ಟು ದಿನವೂ ಮಾತಾಡಿಸುತ್ತಾರೆ. ವಿದ್ಯುತ್ ಬೇಡ, ಊಟ ಬೇಡ, ನಿದ್ದೆ ಬೇಡ, ಎದುರು ಮಾತಂತೂ ಇಲ್ಲವೇ ಇಲ್ಲ. ಇಡೀ ಕಚೇರಿ ಜೀವನದಲ್ಲಿ ಅವರಿಗೆ ಇಂಥ ಸಿಬ್ಬಂದಿ ಸಿಕ್ಕಿರಲಿಲ್ಲ.

ಉಗ್ರಾಣದ ಆಡಳಿತವೂ ಬಿಗಿ. ಜಿರಲೆ ಮೊಟ್ಟೆ ಬಂದೀತೆಂದು ರಟ್ಟಿನ ಡಬ್ಬಿಗಳಿಗೆ ದಡದಲ್ಲೇ ಪ್ರವೇಶ ನಿಷೇಧ. ಕೋಳಿಮೊಟ್ಟೆಗಳಿಗೆ ವ್ಯಾಸಲೀನ್ ಸವರಿ, ಕೆಡದಿರಲೆಂದು ಆಗಾಗ ಮಗ್ಗುಲು ಬದಲಿಸುವುದು ಒಬ್ಬರ ಕೆಲಸ. ಮಗ್ಗುಲು ಬದಲಿಸಲು ಬಿಡುವು ಸಿಗುವುದು ಆ ದೋಣಿಯಲ್ಲಿ ಮೊಟ್ಟೆಗಳಿಗೆ ಮಾತ್ರ. ಎಲೆಕೋಸು ಯಾರ ಹಂಗೂ ಇಲ್ಲದೆ ಮೂರು ವಾರ ಬಾಳುತ್ತದೆ. ಆಡಳಿತಕ್ಕೆ ಬಗ್ಗದ್ದೆಂದರೆ ಬಾಳೆಗೊನೆ. ದಿನಕ್ಕೆ ತಲೆಗೆರಡರಂತೆ ಹಣ್ಣಾಗಲಿ ಎಂದು ಸಾಹೇಬರು ವೇಳಾಪಟ್ಟಿ ಹಾಕಿರುತ್ತಾರೆ. ಹಿಂಬದಿಯ ಹಗ್ಗಕ್ಕೆ ನೇತುಬಿದ್ದ ಅದು ವಾರವಿಡೀ ಹಸಿರಾಗಿದ್ದು, ಒಂದು ಬೆಳಿಗ್ಗೆ ಬುಡದಿಂದ ತುದಿಯವರೆಗೂ ಹಣ್ಣಾಗಿಬಿಡುತ್ತದೆ. ಆಮೇಲೆ ಬಾಳೆಹಣ್ಣಿನ ದೋಸೆ, ಬಾಳೆಹಣ್ಣಿನ ಕೇಕು, ಬಾಳೆಹಣ್ಣು ಹಾಕಿದ ಸಾರು. ಮೂರನೆಯ ದಿನ ಯಾರೂ ಬಾಳೆಹಣ್ಣಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಸಾಹೇಬರ ದಿನದ ಮುಖ್ಯ ವಿಧಿ ಬೆಳಗಿನ ತಪಾಸಣೆ. ಹಗ್ಗ ಎಲ್ಲಿ ಸವೆದಿದೆ, ಪಟ ಎಲ್ಲಿ ಉಜ್ಜಿದೆ ಎಂದು ಮೂಸಿ ನೋಡುತ್ತ ನಡೆಯುತ್ತಾರೆ. ರಾತ್ರಿ ಹಾರಿ ಬಿದ್ದ ಹಾರುಮೀನುಗಳನ್ನು ಎಣಿಸಿ ಪುಸ್ತಕಕ್ಕೇರಿಸುತ್ತಾರೆ. ಒಂದು ದಿನ ಮೀನಿನ ಪಕ್ಕದಲ್ಲಿ ಒಂದು ಸ್ಕ್ರೂ ಸಿಕ್ಕಿತೆನ್ನಿ. ಬೆರಳ ತುದಿಯಷ್ಟು ಉದ್ದ, ಥಳಥಳ ಹೊಳೆಯುವ ಸ್ಟೀಲು. ಹತ್ತಿರದ ನೆಲ ಸಾವಿರ ಮೈಲಿ ಆಚೆಗಿದ್ದಾಗ ಡೆಕ್ಕಿನ ಮೇಲೆ ಸಿಗುವ ಸ್ಕ್ರೂ ಬಹಳ ದೊಡ್ಡದು. ಅದು ಎಲ್ಲಿಂದಲೋ ಬಿದ್ದಿರಲೇಬೇಕು. ಆ ‘ಎಲ್ಲಿಂದಲೋ’ ಹಾಯಿಕಂಬವೇ ಆಗಿದ್ದರೆ ಗತಿಯೇನು? ಸಾಹೇಬರು ದುರ್ಬೀನು ಹಿಡಿದು ಕಂಬದ ನೆತ್ತಿ ನೋಡುತ್ತಾರೆ. ಹುಡುಗನನ್ನು ಕ್ಯಾನ್ವಾಸ್ ಕುರ್ಚಿಯಲ್ಲಿ ಕೂರಿಸಿ ಅರವತ್ತು ಅಡಿ ಮೇಲಕ್ಕೆ ಎಳೆಯುತ್ತಾರೆ. ಕೆಳಗೆ ಒಂದಡಿ ಓಲಿದರೆ ಮೇಲೆ ಹತ್ತಡಿ ಓಲುವ ಆ ಕಂಬವನ್ನು ತಬ್ಬಿಕೊಂಡು ಅವನು ತನಗೆ ಗೊತ್ತಿರುವ ದೇವರನ್ನೆಲ್ಲ ನೆನೆಯುತ್ತಾನೆ. ಚುಕ್ಕಾಣಿ ಬಿಚ್ಚಿ ನೋಡುತ್ತಾರೆ, ರಾಟೆ ಬಿಚ್ಚಿ ನೋಡುತ್ತಾರೆ, ಬಿಚ್ಚಿದ್ದನ್ನು ಜೋಡಿಸುವಾಗ ಇನ್ನೊಂದು ಸ್ಕ್ರೂ ಉಳಿಯುತ್ತದೆ. ಮಧ್ಯಾಹ್ನ ಒಳಗಿನಿಂದ ಹೆಂಡತಿಯ ದನಿ:

“ಬೆಳಗಿನಿಂದ ಏನು ಹುಡುಕುತ್ತಿದ್ದೀಯ?”

“ದೋಣಿ ಬಿಚ್ಚಿಕೊಳ್ಳುತ್ತಿದೆ! ನಿನಗೆ ಹೇಳಿದರೆ ಅರ್ಥವಾಗುವುದಿಲ್ಲ.”

“ಆಗಲಿ. ಆ ಸ್ಕ್ರೂ ಇತ್ತ ಕೊಡು. ನಿನ್ನೆ ಮೇಲೆ ಕೂತು ಸಮುದ್ರದ ನೀರಲ್ಲಿ ಕುಕ್ಕರ್ ತೊಳೆದೆ. ಅದರ ಹಿಡಿ ಆಗಿನಿಂದಲೂ ಅಲ್ಲಾಡುತ್ತಿದೆ.”

ನಿಜ ಹೇಳಬೇಕೆಂದರೆ ದೋಣಿ ನಡೆಯುವುದು ಈ ಹೆಂಗಸಿನಿಂದ. ಅಲೆಯ ಜೊತೆಗೇ ತೂಗಾಡುವ ಒಲೆಯ ಮುಂದೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮುಚ್ಚಳ ಹಾರದ ಕುಕ್ಕರೊಂದನ್ನೇ ನಂಬಿ ಅಡುಗೆ ಮಾಡುತ್ತಾರೆ. ರಾತ್ರಿ ಮಳೆಗಾಳಿ ಅಪ್ಪಳಿಸಿದಾಗ ಸಾಹೇಬರು ಮಲಗಿದಲ್ಲಿಂದ ಆಜ್ಞೆ ಕೂಗುವಷ್ಟರಲ್ಲಿ ಅವರು ಪಟ ಇಳಿಸಿ ಮುಗಿಸಿರುತ್ತಾರೆ. ದಾಖಲೆ ಪುಸ್ತಕದಲ್ಲಿ ಮಾತ್ರ “ಕ್ಯಾಪ್ಟನ್ ಪಟ ಇಳಿಸಿದರು” ಎಂದು ಏರುತ್ತದೆ.

ಸಂಜೆ ತಣ್ಣನೆ ಬಿಯರು ಹಿಡಿದು ಸಾಹೇಬರು ಜೋಷುವಾ ಸ್ಲೋಕಂನ ಕಥೆ ತೆಗೆಯುತ್ತಾರೆ. 1895ರಿಂದ 1898ರವರೆಗೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗ ಆತ. ತನ್ನ ಒಳ್ಳೆಯ ಗಡಿಯಾರದ ರಿಪೇರಿಗೆ ಹದಿನೈದು ಡಾಲರ್ ಕೇಳಿದರೆಂದು ಅದನ್ನು ಮನೆಯಲ್ಲೇ ಬಿಟ್ಟ. ಮುಖ ಒಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡು ಹೊರಟೇಬಿಟ್ಟ. “ಬದುಕು ಅಂದರೆ ಹಾಗಿರಬೇಕು!” ಎಂದು ಇವರ ಕಣ್ಣು ಒದ್ದೆಯಾಗುತ್ತದೆ. ಅಷ್ಟರಲ್ಲಿ ಕೈಗಡಿಯಾರ ಕುಯ್ಯೆನ್ನುತ್ತದೆ. ಸ್ಟಾರ್‌ಲಿಂಕ್‌ನಲ್ಲಿ ಹವಾಮಾನ ನೋಡುವ ಹೊತ್ತು; ಕಥೆ ಅಲ್ಲಿಗೇ ನಿಲ್ಲುತ್ತದೆ.

ಕೊನೆಗೂ ಸೇಂಟ್ ಲೂಸಿಯಾದ ರಾಡ್ನಿ ಬೇ. ಕೈಗೆ ರಮ್ ಪಂಚ್ ಬರುತ್ತದೆ, ಸಿಬ್ಬಂದಿ ನೆಲ ಮುಟ್ಟಿದ್ದೇ ತಡ ದಿಕ್ಕಾಪಾಲಾಗುತ್ತದೆ. ಮರುದಿನ ಬೆಳಗಾಗುವುದರೊಳಗೆ ಸಾಹೇಬರು ಹೊಸ ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿರುತ್ತಾರೆ: ಡೆಕ್ಕು ತೊಳೆಯುವುದು, ಬ್ಯಾಟರಿ ನೋಡುವುದು, ಸ್ಕ್ರೂಗಳ ಲೆಕ್ಕ. ಎಲ್ಲದರ ಮುಂದೆ ಹೆಸರು, ಹೊತ್ತು, ಸಹಿಗೆ ಜಾಗ. ಅದರ ಕೆಳಗೆ ಹೆಂಡತಿಯ ಕೈಬರಹದಲ್ಲಿ ಎರಡು ಸಾಲು: “ಮಂಚ ಓಲಾಡದ ಹೋಟೆಲೊಂದು ಸಿಕ್ಕಿದೆ, ಅಲ್ಲಿದ್ದೇನೆ. ನನ್ನ ಪಾಳಿ ಮುಗಿಯಿತು, ಮುಂದಿನವೆಲ್ಲ ನಿನ್ನವೇ.”