ಭೂಮಿ ಕುಸಿಯಿತೆಂದು ಓಡಿದ ಮೊಲರಾಯರಿಗೆ

ಮಾನ್ಯ ಮೊಲರಾಯರೇ,

ಜಾತಕ ಕಥೆಗಳಲ್ಲಿ 322ನೆಯದಾದ ದದ್ದಭ ಜಾತಕದಲ್ಲಿ ತಾವು ಮಾಡಿದ ಘನಕಾರ್ಯಕ್ಕೆ ಈವರೆಗೆ ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿಯೂ ಸಲ್ಲಲಿಲ್ಲವಲ್ಲ ಎಂಬ ಕೊರಗು ಪಶ್ಚಿಮ ಬೆಂಗಳೂರಿನವರಾದ ನಮಗಿದೆ. (ಹಣ್ಣು ಅಂದ ಕೂಡಲೇ ಬೆಚ್ಚಬೇಡಿ. ಬುಟ್ಟಿಯಲ್ಲಿ ಬಿಲ್ವದ ಹಣ್ಣು ಇರುವುದಿಲ್ಲ.)

ತಾವು ಬಿಲ್ವದ ಮರದ ಬುಡದಲ್ಲಿ ಮಲಗಿ, ಈ ಭೂಮಿ ಕುಸಿದರೆ ನನ್ನ ಗತಿಯೇನು ಎಂದು ಯೋಚಿಸುತ್ತಿದ್ದಿರಿ. ಅದೇ ಹೊತ್ತಿಗೆ ಒಂದು ಹಣ್ಣು ತಾಳೆಗರಿಯ ಮೇಲೆ ದಡ್ ಎಂದು ಬಿತ್ತು. ತಾವು ಹಿಂತಿರುಗಿಯೂ ನೋಡದೆ ಓಟ ಕಿತ್ತಿರಿ. ಮಕ್ಕಳಿಗೆ ಕಥೆ ಹೇಳುವವರು ಇಷ್ಟಕ್ಕೇ ನಕ್ಕು ತಮ್ಮನ್ನು ಪೆದ್ದು ಅಂದುಬಿಡುತ್ತಾರೆ. ಅನ್ಯಾಯ! ಅಸಲಿ ತಮಾಷೆ ಇರುವುದು ತಮ್ಮ ಹಿಂದೆ ಬಿದ್ದವರಲ್ಲಿ. ಜಿಂಕೆ, ಹಂದಿ, ಖಡ್ಗಮೃಗ, ಹುಲಿ, ಸಿಂಹ, ಕೊನೆಗೆ ಆನೆ! ಬೋಧಿಸತ್ವ ಸಿಂಹ ಅಡ್ಡ ನಿಂತು ‘ಕಂಡವರು ಯಾರು’ ಎಂದರೆ ಆನೆಗಳು ಸಿಂಹಗಳತ್ತ, ಸಿಂಹಗಳು ಹುಲಿಗಳತ್ತ, ಹುಲಿಗಳು ಖಡ್ಗಮೃಗಗಳತ್ತ ಬೆರಳು ತೋರಿಸುತ್ತವೆ. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಇದಕ್ಕೆ ‘ನನಗೆ ಬಂದದ್ದನ್ನ ಹಾಕಿದೀನಿ ಸಾರ್’ ಎನ್ನುತ್ತಾರೆ.

2021ರ ನವೆಂಬರ್ 26, ಶುಕ್ರವಾರ. ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಕೆಂಗೇರಿ, ರಾಜರಾಜೇಶ್ವರಿನಗರ, ಹೆಮ್ಮಿಗೆಪುರದ ಕಡೆ ಭಾರೀ ಸದ್ದು. ನಮ್ಮ ಬೀದಿಯಲ್ಲಿ ಒಬ್ಬರು ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಗೇಟಿಗೆ ಬಂದರು. ಎದುರುಮನೆ ಆಂಟಿಯ ಕೈಯಲ್ಲಿ ಒಗ್ಗರಣೆ ಸೌಟು, ಅದರಲ್ಲಿ ಸಾಸಿವೆ ಇನ್ನೂ ಸಿಡಿಯುತ್ತಿತ್ತು. ಸಾಸಿವೆ ತಣ್ಣಗಾಗುವಷ್ಟರಲ್ಲಿ ಭೂಕಂಪವೆಂದು ತೀರ್ಮಾನವೂ ಆಯಿತು, ರಿಕ್ಟರ್ ಮಾಪಕದ ಅಂಕಿಯೂ ಹರಿದಾಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಇಲ್ಲಿ ಕರುವಿಗೆ ಹೆಸರನ್ನೂ ಇಟ್ಟಾಗಿತ್ತು. ಅಷ್ಟರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂಬ ಸಿಂಹ ಅಡ್ಡ ಬಂದು, ತನ್ನ ಭೂಕಂಪ ಮಾಪಕಗಳಲ್ಲಿ ಕಂಪನದ ಗುರುತೇ ಇಲ್ಲ ಎಂದಿತು. ಮಜಾ ಕೆಡಿಸುವುದೇ ಈ ಸಿಂಹಗಳ ಕಸುಬು. 2020ರ ಮೇ 20ರಂದು ನಗರದ ಪೂರ್ವಭಾಗ ಬೆಚ್ಚಿಬಿದ್ದಾಗಲೂ ಹೀಗೇ ಆಯಿತು: ಅದು ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ವಿಮಾನದ ಸದ್ದು ಎಂದು ರಕ್ಷಣಾ ಇಲಾಖೆ ಹೇಳಿಬಿಟ್ಟಿತು. ಯಾರಿಗೆ ಬೇಕಿತ್ತು ಈ ವಿವರಣೆ?

ಆದರೂ ಇವೆರಡು ಸಲ ಸದ್ದೊಂದು ಇತ್ತು. ನಮ್ಮ ದೊಡ್ಡ ಸಾಧನೆ ಬೇರೆಯೇ ಇದೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಎಂಎಸ್‌ಗಳು ಹರಿದಾಡಿ, ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ಗುವಾಹಟಿಗೆ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅಲ್ಲಿ ಮರವೂ ಇರಲಿಲ್ಲ, ಹಣ್ಣೂ ಬಿದ್ದಿರಲಿಲ್ಲ. ದಿನಕ್ಕೆ 5 ಎಸ್ಎಂಎಸ್ ಎಂದು ಸರ್ಕಾರ ಮಿತಿ ಹಾಕಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂದು ಊಹಿಸಿದ ಗುಂಪು ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಎರಡು ತಿಂಗಳ ಮೇಲೆ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದೆಂದಿತು. ಮತ್ತೆ ಅದೇ 5. ಐವರಿಗೆ ಹೇಳಿದರೆ ಆನೆಯವರೆಗೆ ಮುಟ್ಟುವುದಿಲ್ಲವೆಂದು ಇವರಿಗೆ ಯಾರು ಹೇಳಿದರೋ!

ಆದ್ದರಿಂದ ಮೊಲರಾಯರೇ, ತಮ್ಮ ಮೇಲಿನ ಆರೋಪಗಳನ್ನೆಲ್ಲ ಈ ಮೂಲಕ ವಾಪಸು ಪಡೆದಿದ್ದೇವೆ. ತಮ್ಮ ಕಾಡಿನಲ್ಲಿ ಯಾರೂ ಸಾಯಲಿಲ್ಲ. ತಾವು ಕಿವಿಯಾರೆ ಏನನ್ನೋ ಕೇಳಿಯೂ ಇದ್ದಿರಿ. ಒಂದೇ ಒಂದು ವಿನಂತಿ: ಮುಂದೆ ಓಡುವುದಿದ್ದರೆ ಮೈಸೂರು ರಸ್ತೆಗೆ ಬರಬೇಡಿ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಲ್ಲಲೇಬೇಕಾಗುತ್ತದೆ. ನಿಂತರೆ ಪಕ್ಕದ ಆಟೋದವರು ‘ನೀವೇ ಕಣ್ಣಾರೆ ಕಂಡ್ರಾ ಸ್ವಾಮಿ?’ ಎಂದು ಕೇಳಿಬಿಟ್ಟಾರು.

ಇಂತಿ ತಮ್ಮ ವಿಶ್ವಾಸಿ,
ಕೆಂಗೇರಿ ಉಪನಗರದ ಒಬ್ಬ ನಿವಾಸಿ