ಅರ್ಧ ಧಾರವಾಡ, ಅರ್ಧ ಮಿನಿಯಾಪೊಲಿಸ್

ಅಕ್ಕತಂಗಿಯರಿಗೆ ಒಂದೇ ಹುಚ್ಚು ಇರಬಾರದು. ಒಬ್ಬಾಕೆ ಉಲನ್ ಹಿಡಿದರೆ ಇನ್ನೊಬ್ಬಾಕೆ ಭಜನೆಗೆ ಹೋಗಬೇಕು. ನಮ್ಮವ್ವ, ಅವಳ ಅಕ್ಕ ಮೌಶಿ, ಇಬ್ಬರೂ ಸ್ವೆಟರ್ ಹಾಕುವವರು. ಇಬ್ಬರಿಗೂ ತಾನೇ ಕೈಚಳಕದವಳೆಂಬ ನಂಬಿಕೆ.

ಅವ್ವ ನಮ್ಮ ಜೊತೆ ಮಿನಿಯಾಪೊಲಿಸ್‌ನಲ್ಲಿದ್ದಾಳೆ, ಮೌಶಿ ಧಾರವಾಡದ ಮಾಳಮಡ್ಡಿಯಲ್ಲಿ. ನನ್ನ ಮಗನಿಗೆ ಇಬ್ಬರೂ ಸೇರಿ ಒಂದೇ ಸ್ವೆಟರ್ ಹಾಕಬೇಕೆಂದು ವಿಡಿಯೋ ಕಾಲ್‌ನಲ್ಲಿ ಠರಾವು ಪಾಸಾಯಿತು. ಎಡಭಾಗ ಅಕ್ಕನದು, ಬಲಭಾಗ ತಂಗಿಯದು, ಊರಿಗೆ ಬಂದಾಗ ಜೋಡಿಸುವುದು. ಬಣ್ಣ ಗಿಳಿಹಸಿರು, ತೋಳಿಗೆ 60 ಟಾಕಿ, ಸೂಜಿ 10 ನಂಬರು. ಲಗ್ನದ ಮಾತುಕತೆಯಲ್ಲೂ ಇಷ್ಟು ಸ್ಪಷ್ಟವಾಗಿ ಯಾದಿ ಬರೆದವರಲ್ಲ ಇವರು.

ಮೊನ್ನೆ ಧಾರವಾಡಕ್ಕೆ ಬಂದೆವು. ಚಹಾ ಆರುವ ಮೊದಲೇ ಎರಡೂ ಭಾಗಗಳು ಮಂಚದ ಮೇಲೆ ಬಂದವು. ಎಡತೋಳು ಐದು ವರ್ಷದ ಹುಡುಗನದು. ಬಲತೋಳು ಅವರಪ್ಪನದು, ಅದೂ ಅವರಪ್ಪ ಒಂದಿಷ್ಟು ದಪ್ಪಗಾದ ಮೇಲಿನದು.

ಮೌಶಿ ಮೊದಲು ಕನ್ನಡಕ ಒರೆಸಿಕೊಂಡಳು. ಆಮೇಲೆ ತಂಗಿಯ ಸೂಜಿ ತರಿಸಿ ನೋಡಿದಳು. "ಇದನ್ನ ಹಿಡಕೊಂಡು ಸ್ವೆಟರ್ ಹಾಕತೀಯೋ, ನಾಯಿ ಓಡಸತೀಯೋ?"

"ನೀನಽ ಹತ್ತು ಅಂದಿದ್ದಿ. ಬರದದ ನೋಡು, ಹತ್ತು."

ಬರೆದಿತ್ತು. ಮೌಶಿಯ ಸೂಜಿಯ ತಲೆಯ ಮೇಲೂ ಹತ್ತೇ ಇತ್ತು.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕಾಕಾ ಈ ಘಳಿಗೆಗಾಗಿಯೇ ಕಾದಿದ್ದವರಂತೆ ಎದ್ದು ಹೋಗಿ ವರ್ನಿಯರ್ ತಂದರು. ಅಳೆದರು. ಮೌಶಿಯದು 3.25 ಮಿಲಿಮೀಟರ್, ಅವ್ವನದು 6. ನಮ್ಮಲ್ಲಿ ನಡೆಯುವುದು ಹಳೇ ಬ್ರಿಟಿಷ್ ನಂಬರು. ತಂತಿಯ ಗೇಜಿನ ಲೆಕ್ಕ, ಎಳೆದಷ್ಟೂ ತಂತಿ ಸಣ್ಣ, ನಂಬರು ದೊಡ್ಡದು. ಅಮೆರಿಕದವರದು ತಿರುವುಮುರುವು, ನಂಬರು ಏರಿದಂತೆ ಸೂಜಿ ದಪ್ಪ. "ಎರಡೂ ದೇಶ ಒಪ್ಪೋದು ಏಳಕ್ಕ ಒಂದಽ. ಏಳು ಅಂದ್ರ ಅಲ್ಲೂ ನಾಲ್ಕೂವರೆ ಮಿಲಿಮೀಟರ್, ಇಲ್ಲೂ ನಾಲ್ಕೂವರೆ. ಸಪ್ತಪದಿ ಸುಮ್ನಽ ಇಟ್ಟಾರೇನು?" ಎಂದು ಕಾಕಾ ತಾವೊಬ್ಬರೇ ನಕ್ಕರು. ಆ ದಿನ ಅವರಿಗೆ ಎರಡನೇ ಚಹಾ ಸಿಗಲಿಲ್ಲ.

ನನಗೆ ತಿಳಿಯದ್ದು ಬೇರೆ. ಹುಡುಗ ಅವ್ವನ ಕಣ್ಣೆದುರೇ ಬೆಳೆಯುತ್ತಿದ್ದಾನೆ. ಅಷ್ಟು ದಪ್ಪ ಸೂಜಿಗೆ ತಕ್ಕ ದಪ್ಪ ಉಲನ್ ಹುಡುಕಿ ತಂದವಳಿಗೆ, ತೋಳು ಮಾರುದ್ದ ಬರುತ್ತಿದ್ದಾಗಲಾದರೂ ಸಂಶಯ ಬರಬಾರದೇ? ಕೇಳಿದೆ. "ಬೆಳಿಯೋ ಹುಡುಗ. ಇನ್ನೂ ಎರಡು ವರ್ಷ ಬರಲಿ ಅಂತ."

"ಎರಡು ವರ್ಷ ಯಾಕ, ಅವನ ಲಗ್ನಕ್ಕೂ ಬರತದ," ಎಂದಳು ಮೌಶಿ.

ಆ ಸ್ವೆಟರಿನ ಅವಶ್ಯಕತೆಯಾದರೂ ಏನಿತ್ತು? ಮಿನಿಯಾಪೊಲಿಸ್‌ನಲ್ಲಿ ಹೊರಗೆ ಮೈನಸ್ 20 ಇದ್ದರೂ ಹೀಟರ್ ಉರಿಯುವ ಮನೆಯಲ್ಲಿ ಮಗ ಬರೀ ಬನಿಯನ್ನಿನಲ್ಲಿ ಓಡಾಡುತ್ತಾನೆ. ಧಾರವಾಡದ 16 ಡಿಗ್ರಿಗೆ ಮಂಕಿ ಕ್ಯಾಪ್, ಮಫ್ಲರ್, ಶಾಲು ಹೊದ್ದು ಕೂರುವವರು ಕಾಕಾ. ಹಾಕುವುದಿದ್ದರೆ ಅವರಿಗೇ ಹಾಕಬೇಕಿತ್ತು.

ಬಿಚ್ಚುವುದು ಯಾರು ಎಂಬಲ್ಲಿಗೆ ಜಗಳ ಅಸಲಿ ರೂಪಕ್ಕೆ ಬಂತು. ಹೆಣೆದದ್ದನ್ನು ಬಿಚ್ಚಿದವಳೇ ಸೋತವಳು. ಅವ್ವ ತನ್ನ ಬಲಭಾಗವನ್ನು ಬಿಚ್ಚಲೊಲ್ಲಳು, ಮೌಶಿ ತನ್ನ ಎಡಭಾಗವನ್ನು. ಒಲೆಯ ಮೇಲಿನ ರೊಟ್ಟಿ ಅನಾಥವಾಗಿ ಕಪ್ಪಾಯಿತು. ನಡುನಡುವೆ 1960ರ ದಶಕದ ಹಳೇ ಬಾಕಿಗಳೂ ಬಂದವು. ಅವರಿಬ್ಬರೂ ಹೆಣಿಗೆ ಕಲಿತದ್ದು ಸೈಕಲ್ಲಿನ ಕಡ್ಡಿಯಲ್ಲಿ. ನಮ್ಮಜ್ಜಿ ಹಳೇ ಗಾಲಿಯಿಂದ ಎರಡೇ ಕಡ್ಡಿ ಕಿತ್ತು, ತುದಿ ಕಲ್ಲಿಗೆ ತಿಕ್ಕಿ ಕೊಟ್ಟಿದ್ದಳಂತೆ. ಒಂದೇ ಜೋಡಿ, ಇಬ್ಬರು ಹುಡುಗಿಯರು. ಸೀದಾ ಸಾಲು ಅಕ್ಕ ಮುಗಿಸಿ ಕೊಡಬೇಕು, ಉಲ್ಟಾ ಸಾಲು ತಂಗಿ. ಹಾಗಾಗಿ ತಂಗಿಗೆ ಬಹಳ ದಿನ ಸೀದಾ ಬರುತ್ತಿರಲಿಲ್ಲ, ಅಕ್ಕನಿಗೆ ಉಲ್ಟಾ. ಒಬ್ಬಾಕೆಗೆ ಜ್ವರ ಬಂದರೆ ಆ ವಾರ ಸ್ವೆಟರಿಗೂ ಜ್ವರ.

"ಆ ಕಡ್ಡಿ 14 ಗೇಜು, ಎರಡು ಮಿಲಿಮೀಟರ್," ಎಂದರು ಕಾಕಾ. ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ, ಅಳತೆ ನೋಡಲೆಂದು ಗುಂಡುಸೂಜಿ ಚುಚ್ಚಿ ಮಂಚದ ಮೇಲೆ ಜೋಡಿಸಿಟ್ಟಿದ್ದ ಎರಡೂ ಭಾಗವನ್ನು ನನ್ನ ಮಗ ಮೈಗೇರಿಸಿಕೊಂಡು ಹೊರಬಂದ. ಬಲತೋಳು ಮೊಣಕಾಲು ದಾಟಿತ್ತು. ಅದನ್ನು ಜೋತಾಡಿಸುತ್ತ ಅಡ್ಡಡ್ಡ ನಡೆದು ಘೋಷಿಸಿದ: "ನಾನು ಏಡಿ!" ಉಲನ್ ಕಡಿಯುತ್ತದೆಂದು ಬಟ್ಟೆಯಂಗಡಿಯಲ್ಲೇ ಅತ್ತು ಉರುಳಾಡುವ ಕೂಸು ಇದನ್ನು ಮಾತ್ರ ಬಿಚ್ಚಲೊಲ್ಲ. ಊಟಕ್ಕೂ ಏಡಿ, ನಿದ್ದೆಗೂ ಏಡಿ. ರಾತ್ರಿ ಅಕ್ಕತಂಗಿಯರು ಮಾತಿಲ್ಲದೆ ಕೂತು, ಅವನಿಗೆ ಗುಂಡುಸೂಜಿ ಚುಚ್ಚೀತೆಂದು, ಮಲಗಿದವನ ಮೈಮೇಲೆಯೇ ಅದನ್ನು ಹೊಲಿದರು. ಒಬ್ಬಾಕೆ ಕುತ್ತಿಗೆಯಿಂದ, ಒಬ್ಬಾಕೆ ಸೊಂಟದಿಂದ.

ಮರುದಿನ ಹುಬ್ಬಳ್ಳಿಯ ದುರ್ಗದಬೈಲಿಗೆ ಹೊಸ ಉಲನ್ ತರಲು ಹೊರಟೆವು. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿದೆವು. ಏಸಿ ಥಂಡಿ ಎಂಬ ನೆಪದಲ್ಲಿ ಏಡಿಯೂ ಹತ್ತಿತು. ನವಲೂರು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳು ತೋಳು ಮುಟ್ಟಿ ನೋಡಿದಳು. "ಭಾರಿ ಛಂದ ಅದರೀ. ಈಗ ಹಿಂಗಽ ಫ್ಯಾಶನ್ನೇನು? ಯಾರು ಹಾಕಿದ್ದು?"

"ನಾನು," ಎಂದರು ಇಬ್ಬರೂ.

"ಡಿಸೈನ್ ಅಮೆರಿಕಾದ್ದು," ಎಂದಳು ಅವ್ವ.

"ಕೈ ಧಾರವಾಡದ್ದು," ಎಂದಳು ಮೌಶಿ.

ಆಕೆ ಮೊಬೈಲ್ ತೆಗೆದು ಬರೆದುಕೊಳ್ಳಲು ಸಜ್ಜಾದಳು. "ಸೂಜಿ ಎಷ್ಟು ನಂಬರಿಂದ್ರೀ?"

"ಹತ್ತು," ಎಂದರು ಒಕ್ಕೊರಲಿನಿಂದ. ಆಕೆ ಅದನ್ನೇ ಬರೆದುಕೊಂಡು ಉಣಕಲ್ಲಿನಲ್ಲಿ ಇಳಿದುಹೋದಳು.