ಪೀಠಿಕೆಯಲ್ಲೊಂದು ಖಾಲಿ ಸೈಟು

ಡಿಗ್ರಿ ಹುಡುಗರು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೀತಾರಲ್ಲ ಸರೋಜಮ್ಮ, ಅದರ ಪೀಠಿಕೆ ಎಲ್ಲಿಂದ ಶುರುವಾಗುತ್ತೆ ಗೊತ್ತಾ? ಸೃಷ್ಟಿಯಿಂದ! ವಿಷಯ ಬೀದಿ ವ್ಯಾಪಾರಿಗಳ ಯುಪಿಐ ಬಳಕೆ ಅಂತಿಟ್ಟುಕೊಳ್ಳಿ. ಮೊದಲ ವಾಕ್ಯವೇ, ಅನಾದಿಕಾಲದಿಂದಲೂ ಮನುಷ್ಯ ವ್ಯಾಪಾರ ಮಾಡುತ್ತಿದ್ದಾನೆ ಅಂತ. ಆಮೇಲೆ ವಸ್ತು ವಿನಿಮಯ, ಕವಡೆ, ನಾಣ್ಯ, ನೋಟು. ಹೂವಿನ ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡ್ ಹತ್ತಿರ ಬರೋ ಹೊತ್ತಿಗೆ ಎರಡು ಪುಟ ತುಂಬಿರುತ್ತೆ. ಅನಾದಿಕಾಲ ಬೇಡಪ್ಪ ಅಂದ್ರೆ 'ಇಂದಿನ ವೇಗದ ಜಗತ್ತಿನಲ್ಲಿ' ಅಂತಾರೆ. ಅದೂ ಬೇಡ ಅಂದ್ರೆ ಡಿಕ್ಷನರಿ ತೆಗೀತಾರೆ.

ಬೈಬೇಡಿ, ಪಾಪ. ಪ್ರಬಂಧ ಅಂದ್ರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿರ್ತೀವಿ. ಪೀಠಿಕೆ ಯಾವ ಕೆಲಸಕ್ಕೆ ಅಂತ ಮಾತ್ರ ಹೇಳಿರಲ್ಲ.

ಅದನ್ನ ಬಿಡಿಸಿ ನೋಡಿದವರು ಜಾನ್ ಸ್ವೇಲ್ಸ್ ಅನ್ನೋ ಮೇಷ್ಟ್ರು. 1981ರಲ್ಲಿ, ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ, 48 ಸಂಶೋಧನಾ ಲೇಖನಗಳ ಪೀಠಿಕೆಗಳನ್ನಷ್ಟೇ ಮುಂದಿಟ್ಟುಕೊಂಡು ಕೂತರು. ಮೊದಲು ನಾಲ್ಕು ಹೆಜ್ಜೆ ಅಂದ್ರು, 1990ರ 'ಜಾನರ್ ಅನಾಲಿಸಿಸ್' ಪುಸ್ತಕದಲ್ಲಿ ಮೂರಕ್ಕೆ ಇಳಿಸಿದ್ರು. ಕಾರ್ಸ್ ಮಾದರಿ ಅಂತಾರೆ ಅದಕ್ಕೆ, 'ಕ್ರಿಯೇಟ್ ಎ ರಿಸರ್ಚ್ ಸ್ಪೇಸ್', ಅಂದ್ರೆ ಸಂಶೋಧನೆಗೊಂದು ಜಾಗ ಮಾಡಿಕೊಳ್ಳೋದು. ಸೈಟಿನ ಲೆಕ್ಕದಲ್ಲಿ ಹೇಳ್ತೀನಿ ಕೇಳಿ. ಮೊದಲು ಬಡಾವಣೆ ತೋರಿಸಬೇಕು: ಈ ವಿಷಯ ಯಾಕೆ ಮುಖ್ಯ, ಯಾರ್ಯಾರು ಏನೇನು ಬರೆದಿದ್ದಾರೆ. ಆಮೇಲೆ ಅಲ್ಲಿ ಖಾಲಿ ಬಿದ್ದಿರೋ ಸೈಟು ತೋರಿಸಬೇಕು: ಈ ಪ್ರಶ್ನೆ ಯಾರೂ ಕೇಳಿಲ್ಲ, ಅಥವಾ ಕೇಳಿದ್ದು ಸಾಲದು. ಕೊನೆಗೆ, ಅಲ್ಲಿ ನಾನು ಕಟ್ಟೋ ಮನೆ ಇಂಥದ್ದು ಅನ್ನಬೇಕು.

ನಮ್ಮ ಹುಡುಗರು ಬಡಾವಣೆಯನ್ನ ಊರಗಲ ತೋರಿಸ್ತಾರೆ. ಮನೆಯ ನಕ್ಷೆಯನ್ನೂ ಕೊಡ್ತಾರೆ, ಒಂದನೇ ಅಧ್ಯಾಯದಲ್ಲಿ ಇದು, ಎರಡನೇದರಲ್ಲಿ ಅದು ಅಂತ. ಸೈಟು ಎಲ್ಲಿ ಅಂದ್ರೆ ಮಾತಿಲ್ಲ. ಪೀಠಿಕೆಯನ್ನೆಲ್ಲ ಜಾಲಾಡಿದರೂ ಒಂದು 'ಆದರೆ' ಸಿಗಲ್ಲ.

ಯಾಕೆ ಅಂತೀರಾ? ಒಂದು, ಹೆದರಿಕೆ. ಪ್ರೊಫೆಸರ್ ಪುಸ್ತಕದಲ್ಲಿ ಇದು ಬಿಟ್ಟುಹೋಗಿದೆ ಅಂತ ಇಪ್ಪತ್ತರ ಹುಡುಗ ಬರೆದ್ರೆ ಅಧಿಕಪ್ರಸಂಗ ಆಗಲ್ವೇ? ಎರಡು, ಸ್ವೇಲ್ಸ್ ಓದಿದ್ದು ಪಳಗಿದವರ ಬರಹ. ನೂರು ಲೇಖನ ಓದಿದವನಿಗೆ ಬಿಟ್ಟುಹೋದದ್ದು ಕಾಣುತ್ತೆ. ಗೈಡ್ ಒಂದನ್ನೇ ಓದಿದವನಿಗೆ ಎಲ್ಲ ಪೂರ್ತಿಯಾಗೇ ಕಾಣುತ್ತೆ.

ವಿನಯ ನಮ್ಮವರ ಗುಣ, ಅದಕ್ಕೇ ಹೀಗೆ ಅಂತ ಮಾತ್ರ ಹೇಳಬೇಡಿ. ಹತ್ತನೇ ಶತಮಾನದ ನಮ್ಮ ಪಂಪ ಏನು ಮಾಡಿದ? ಕತೆಯ ಮೈ ಕೆಡದ ಹಾಗೆ ಇಡೀ ಮಹಾಭಾರತವನ್ನ ಹೇಳಿದ ಕವಿಗಳು ಹಿಂದೆ ಇಲ್ಲ, ನೀನೇ ಹೇಳು ಅಂತ ಪಂಡಿತರು ಒತ್ತಾಯ ಮಾಡಿದ್ರು ಅಂತ ಶುರುವಿನಲ್ಲೇ ಬರೆದ. ಜೊತೆಗೇ, ನಾನು ವ್ಯಾಸ ಅನ್ನೋ ಗರ್ವ ನನಗಿಲ್ಲ ಅಂತಾನೂ ಅಂದ. ಗದುಗಿನ ಕುಮಾರವ್ಯಾಸನೋ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಅಂತ ಅತ್ತ ಕಾಲಿಡಲೇ ಇಲ್ಲ, ಭಾರತ ಹಿಡಿದ. ಇಬ್ಬರೂ ಹಿಂದಿನವರನ್ನ ಓದಿಕೊಂಡಿದ್ರು, ಅದಕ್ಕೆ ಜಾಗ ಎಲ್ಲಿದೆ ಎಲ್ಲಿಲ್ಲ ಅಂತ ಗೊತ್ತಿತ್ತು.

ಹುಡುಗರು ಮಹಾಭಾರತ ಬರೀಬೇಕಿಲ್ಲ. 'ದೊಡ್ಡ ನಗರಗಳ ಅಂಗಡಿಗಳ ಬಗ್ಗೆ ಓದಿದೆ. ಆದರೆ ಸಂತೆಯಲ್ಲಿ ಸೊಪ್ಪು ಮಾರುವ, ಓದು ಬಾರದ ಅಜ್ಜಿ ತನಗೆ ದುಡ್ಡು ಬಂತೆಂದು ಹೇಗೆ ನಂಬುತ್ತಾಳೆ ಎಂಬುದು ನಾನು ಓದಿದ್ದರಲ್ಲಿ ಸಿಗಲಿಲ್ಲ' ಅಂದ್ರೆ ಸಾಕು. 'ನಾನು ಓದಿದ್ದರಲ್ಲಿ' ಅಂದಮೇಲೆ ಅಧಿಕಪ್ರಸಂಗವೂ ಅಲ್ಲ, ಸುಳ್ಳೂ ಅಲ್ಲ. ಆದರೆ ಆ ಒಂದು ವಾಕ್ಯ ಬರೆಯೋಕೆ ನಾಲ್ಕು ಲೇಖನ ಓದಿರಬೇಕು, ಒಂದು ಸಲವಾದರೂ ಸಂತೆಗೆ ಹೋಗಿ ಬಂದಿರಬೇಕು. ಅದಕ್ಕೇ ನಾನನ್ನೋದು, ಪೀಠಿಕೆ ಮೊದಲ ಪುಟದಲ್ಲೇ ಇರಲಿ, ಬರೆಯೋದು ಮಾತ್ರ ಕೊನೇಲಿ ಆಗಲಿ.